ತೂಕ ಇಳಿಸಿದ ಕಾರು

ನನ್ನ ಕಾರಿನ ಹೊಟ್ಟೆಯಿಂದ ಮೂರೂವರೆ ಕೆಜಿ ತೆಗೆಸೋಕೆ 42,000 ರೂಪಾಯಿ ಖರ್ಚಾಯಿತು.

ಕೇಳಿದ ಮೇಲೆ ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ "ಆ ದುಡ್ಡಲ್ಲಿ ನೀವೇ ಜಿಮ್ಮಿಗೆ ಸೇರಿದ್ರೆ ಹತ್ತು ಕೆಜಿ ಇಳೀತಿತ್ತು, ಕಾರೂ ಹಗುರ ಆಗ್ತಿತ್ತು" ಅಂದಳು. ಅವಳ ಲೆಕ್ಕ ಪೂರ್ತಿ ಸರಿಯಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ನನ್ನದು ಹಳೆಯ ಹೋಂಡಾ ಸಿಟಿ 1.5 ವಿಟೆಕ್. 2000ದ ಹೊತ್ತಿಗೆ ನಮ್ಮಲ್ಲಿ ಬಂದು, 2003ರಲ್ಲಿ ಹೊಸ ಮಾಡೆಲ್ ಬಂದಾಗ ನಿಂತುಹೋದ ಕಾರು. 106 ಎಚ್‌ಪಿ. ಇವತ್ತಿಗೆ ಅದೇನು ದೊಡ್ಡ ಸಂಖ್ಯೆಯಲ್ಲ. ಆದರೆ ಕಾರು ಹಗುರ, ಎಂಜಿನ್ನಿಗೆ ಓಡುವ ಚಟ. ರ್‍ಯಾಲಿ ಹುಚ್ಚಿನವರು ಈಗಲೂ ಹುಡುಕಿಕೊಂಡು ಹೋಗಿ ತಗೋತಾರೆ. ನಾನೂ ಹಾಗೇ ತಗೊಂಡೆ. ಆಮೇಲೆ ಎಲ್ಲರಿಗೂ ಹಿಡಿಯೋ ರೋಗ ನನಗೂ ಹಿಡೀತು: ಇನ್ನೂ ಸ್ವಲ್ಪ ಚುರುಕು ಮಾಡಬೇಕು. ಹಗುರವಾದ ಫ್ಲೈವ್ಹೀಲ್ ಹಾಕಿಸಬೇಕು.

ಫ್ಲೈವ್ಹೀಲ್ ಅಂದರೇನು ಅಂತ ನನಗೆ ಬಿಇ ಕಾಲೇಜು ಹೇಳಿಕೊಡಲಿಲ್ಲ, ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಅದನ್ನು ಕಲಿತದ್ದು ಅಪ್ಪನ ರಾಗಿ ಮಿಲ್ಲಿನಲ್ಲಿ. ನಮ್ಮೂರು ತಿಪಟೂರಿನಿಂದ ಆಚೆ. ಮಿಲ್ಲಿನ ಮೂಲೆಯಲ್ಲಿ ರಾಜಕೋಟ್ ಕಡೆಯಿಂದ ಬಂದ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ಕೂತಿತ್ತು. ಒಂದೇ ಸಿಲಿಂಡರು, ಆರು ಎಚ್‌ಪಿ, ನಿಮಿಷಕ್ಕೆ 650 ಸುತ್ತು. ಎರಡು ಪಕ್ಕಕ್ಕೆ ಎರಡು ಎರಕದ ಚಕ್ರ, ಒಂದೊಂದೂ ಬಲು ಭಾರ. ಅಪ್ಪ ಲಿವರ್ ಎತ್ತಿ ಹಿಡಿದು ಹ್ಯಾಂಡ್ಲು ಹೊಡೀತಿದ್ದರು. ಚಕ್ರಕ್ಕೆ ವೇಗ ಬಂದ ಮೇಲೆ "ಬಿಡು" ಅನ್ನೋರು, ನಾನು ಲಿವರ್ ಬಿಡ್ತಿದ್ದೆ. ಡುಗ್... ಡುಗ್... ಡುಗ್ ಡುಗ್ ಡುಗ್.

ಆ ಭಾರ ಯಾಕೆ ಬೇಕು? ಎರಡು ಸುತ್ತಿಗೆ ಒಂದೇ ಸಲ ಡೀಸೆಲ್ ಉರಿದು ಎಂಜಿನ್ನಿಗೆ ನೂಕು ಸಿಗುತ್ತದೆ, ಅದೂ ಅರ್ಧ ಸುತ್ತು ಮಾತ್ರ. ಮಿಕ್ಕ ಒಂದೂವರೆ ಸುತ್ತು ಚಕ್ರ ತನ್ನ ಓಟದಿಂದಲೇ ಎಳೆದುಕೊಂಡು ಹೋಗಬೇಕು. ಯಾರಾದರೂ ರಾಗಿಯನ್ನು ಒಂದೇ ಸಲಕ್ಕೆ ಸುರಿದುಬಿಟ್ಟರೂ ಎಂಜಿನ್ ಸ್ವಲ್ಪ ಮುಕ್ಕಿರಿದು ಮುಂದೆ ಹೋಗೋದು, ನಿಲ್ಲುತ್ತಿರಲಿಲ್ಲ.

ಕಾರಿನಲ್ಲಿ ನಾಲ್ಕು ಸಿಲಿಂಡರು, ಒಂದೊಂದು ಸುತ್ತಿಗೂ ಎರಡು ನೂಕು. ಅಷ್ಟು ಭಾರ ಬೇಡ. ಆದರೂ ಕಂಪನಿಯವರು ಸ್ವಲ್ಪ ಧಾರಾಳವಾಗಿಯೇ ಕೊಟ್ಟಿರುತ್ತಾರೆ, ಟ್ರಾಫಿಕ್ಕಿನಲ್ಲಿ ಕ್ಲಚ್ ಬಿಡುವಾಗ ಆಫ್ ಆಗದಿರಲಿ ಅಂತ. ಓಡಿಸುವ ಹುಚ್ಚಿನವನಿಗೆ ಆ ಧಾರಾಳವೇ ಕಾಟ. ಎಂಜಿನ್ ವೇಗ ಏರಿಸಿದಾಗಲೆಲ್ಲ ಈ ಚಕ್ರದ ವೇಗವನ್ನೂ ಏರಿಸಬೇಕಲ್ಲ.

ಈಗ ಹೆಂಡತಿಯ ಜಿಮ್ಮಿನ ವಿಷಯ. ಒಂದನೇ ಗೇರಲ್ಲಿ ಕಾರಿನ ಚಕ್ರ ಒಂದು ಸುತ್ತು ಬರೋಕೆ ಎಂಜಿನ್ ಸುಮಾರು 13 ಸುತ್ತು ತಿರುಗಬೇಕು. ಫ್ಲೈವ್ಹೀಲಿನಿಂದ ತೆಗೆದ ತೂಕದ ಪರಿಣಾಮ ಈ 13ರ ವರ್ಗದಷ್ಟು ಹೆಚ್ಚುತ್ತದೆ. ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ: ಅಂಚಿನ ಹತ್ತಿರದಿಂದ ಮೂರೂವರೆ ಕೆಜಿ ತೆಗೆದರೆ, ಒಂದನೇ ಗೇರಲ್ಲಿ ಕಾರಿನಿಂದ ಹೆಚ್ಚುಕಮ್ಮಿ ನೂರು ಕೆಜಿ ಇಳಿಸಿದ ಹಾಗೆ. ಐದನೇ ಗೇರಲ್ಲಿ ಆ 13 ಹೋಗಿ 3 ಆಗುತ್ತದೆ, ಲಾಭ ಐದು ಕೆಜಿ ಅಕ್ಕಿ ಚೀಲದಷ್ಟು. ಹೈವೇಯಲ್ಲಿ ಹೆಂಡತಿಯೇ ಸರಿ, ಸಿಗ್ನಲ್ಲಿನಲ್ಲಿ ನಾನು ಸರಿ. ಇನ್ನೊಂದು ಮಾತು, ಇದರಿಂದ ಒಂದೇ ಒಂದು ಎಚ್‌ಪಿ ಕೂಡ ಜಾಸ್ತಿ ಆಗಲ್ಲ. ಎಂಜಿನ್ನಿನ ಶಕ್ತಿ ಅಷ್ಟೇ ಇರುತ್ತದೆ, ಏರಿಳಿಯೋದು ಚುರುಕಾಗುತ್ತದೆ. 1990ರಲ್ಲಿ ಬಂದ ಹೋಂಡಾ ಎನ್‌ಎಸ್‌ಎಕ್ಸ್‌ಗೆ ಟೈಟಾನಿಯಂ ಕನೆಕ್ಟಿಂಗ್ ರಾಡ್ ಹಾಕಿದ್ದು ಕೂಡ ಎಂಜಿನ್ ಒಳಗೆ ಓಡಾಡುವ ತೂಕ ಇಳಿಸೋಕೆ. ಅದು ನಮ್ಮ ಕೈಗೆಟುಕುವ ಮಾತಲ್ಲ ಬಿಡಿ.

ನನ್ನ ಕೈಗೆಟುಕಿದ್ದು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಒಂದು ಲೇತು. "ಹೊಸದು ಯಾಕ್ ಸಾರ್, ಹಳೇದನ್ನೇ ತುರಿದು ನಾಲ್ಕು ಕೆಜಿಗೆ ಇಳಿಸಿಕೊಡ್ತೀನಿ, 1,500 ಕೊಡಿ" ಅಂದ ಅಲ್ಲಿಯವನು. ಊರಿನ ಬುದ್ಧಿ ನನ್ನದು, 1,500 ಅಂದಕೂಡಲೇ ಮನಸ್ಸು ಕರಗಿತು. ತಡೆದದ್ದು ನಮ್ಮ ಮೆಕ್ಯಾನಿಕ್. ಎರಕದ ಕಬ್ಬಿಣ ಅದುಮಿದರೆ ತಡೆಯುತ್ತದೆ, ಎಳೆದರೆ ತಡೆಯಲ್ಲ. ತಿರುಗುವ ಚಕ್ರದ ಒಳಗಿನ ಎಳೆತ ವೇಗದ ವರ್ಗದಷ್ಟು ಏರುತ್ತದೆ: 650 ಸುತ್ತಿನಲ್ಲಿರುವ ಎಳೆತ 6,500ರಲ್ಲಿ ನೂರು ಪಟ್ಟು. ಮೆಕ್ಯಾನಿಕ್ ಇಷ್ಟೆಲ್ಲ ಹೇಳಲಿಲ್ಲ. "ಅದು ಒಡೆದ್ರೆ ಗೇರ್‌ಬಾಕ್ಸ್ ಸೀಳ್ಕೊಂಡು ಬರುತ್ತೆ ಸಾರ್. ಅಲ್ಲೇ ಹತ್ರ ನಿಮ್ಮ ಕಾಲಿರುತ್ತೆ" ಅಂದ, ಅಷ್ಟೇ. ಕ್ರೋಮೋಲಿ ಉಕ್ಕಿನದನ್ನು ಹೊರದೇಶದಿಂದ ತರಿಸಿದೆ.

ಕೂರಿಸೋಕೆ ಒಂದು ಇಡೀ ಶನಿವಾರ ಹಿಡೀತು. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿ, ಹಳೆಯದನ್ನು ತೆಗೆದರು. ಅಷ್ಟು ಬಿಚ್ಚಿದ ಮೇಲೆ ಹಿಂದಿನ ಆಯಿಲ್ ಸೀಲು, ಕ್ಲಚ್ ಬೇರಿಂಗು ಬದಲಾಯಿಸದಿದ್ದರೆ ಪೆದ್ದತನ, ಅದೂ ಆಯಿತು. ಬೋಲ್ಟುಗಳನ್ನು ಎದುರು ಬದುರಾಗಿ, ಟಾರ್ಕ್ ವ್ರೆಂಚಿನಲ್ಲಿ ಮೂರು ಸುತ್ತು ಬಿಗಿದರು. ಕ್ರ್ಯಾಂಕ್ ಪುಲ್ಲಿಯನ್ನೂ ಹಗುರದ್ದು ಹಾಕಿಸೋಣ ಅಂತಿದ್ದೆ, ಬೇಡ ಅಂದರು. ಅದರೊಳಗಿನ ರಬ್ಬರು ಸುಮ್ಮನೆ ಇರೋದಲ್ಲ, ಕ್ರ್ಯಾಂಕಿನ ತಿರುಚು ಅದುರನ್ನು ಕುಡಿಯೋಕೆ ಇರೋದು.

ಓಡಿಸಿದರೆ ಬೇರೆಯೇ ಕಾರು. ಆಕ್ಸಿಲರೇಟರ್ ಮುಟ್ಟಿದರೆ ಮುಳ್ಳು ಜಿಗಿಯುತ್ತದೆ, ಬಿಟ್ಟರೆ ಬಿದ್ದುಹೋಗುತ್ತದೆ. ಗೇರ್ ಇಳಿಸುವಾಗ ಒಂದು ಸಣ್ಣ ತಿವಿತ ಸಾಕು. ನಿಂತಾಗ ಮಾತ್ರ ಗೇರ್‌ಬಾಕ್ಸಿನಿಂದ ಕಟಕಟ ಅಂತ ಸದ್ದು. ಐಡಲ್ ಸ್ವಲ್ಪ ಏರಿಸಿಕೊಂಡೆ.

ಮುಂದಿನ ವಾರವೇ ಊರಿಗೆ ಹೋದೆ. ಹಳೆಯ ಫ್ಲೈವ್ಹೀಲ್ ಡಿಕ್ಕಿಯಲ್ಲಿತ್ತು, ಬಾಲ್ಕನಿಯಲ್ಲಿ ಇಡೋಕೆ ಅಪ್ಪಣೆ ಸಿಕ್ಕಿರಲಿಲ್ಲ. ಅಪ್ಪ ಕಾರಿನ ಸುತ್ತ ಒಂದು ಸಲ ಬಂದು ಕೀ ಕೇಳಿದರು. ಊರವರ ಟ್ರ್ಯಾಕ್ಟರೆಲ್ಲ ಓಡಿಸಿದ ಮನುಷ್ಯ. ಮನೆ ಮುಂದಿನ ಸಣ್ಣ ಏರಿನಲ್ಲಿ ಕ್ಲಚ್ ಬಿಟ್ಟರು, ಕಾರು ಜಗ್ಗಿ ನಿಂತಿತು. ಇನ್ನೊಂದು ಸಲ. ಜಗಲಿಯಲ್ಲಿ ಕೂತಿದ್ದವರು ಬೀಡಿ ಆರಿಸಿ ನೋಡೋಕೆ ಶುರು ಮಾಡಿದರು. ಮೂರನೇ ಸಲವೂ ನಿಂತಾಗ ಅಪ್ಪ ಇಳಿದು, ಏನೂ ಹೇಳದೆ ಕೀ ನನ್ನ ಕೈಗಿಟ್ಟರು.

"ಸ್ವಲ್ಪ ರೇಸ್ ಕೊಟ್ಟು ಬಿಡಬೇಕು ಅಪ್ಪ. ಚಕ್ರ ಹಗುರ ಮಾಡ್ಸಿದೀನಿ."

"ತೂಕ ಕಮ್ಮಿ ಮಾಡೋಕೂ ದುಡ್ಡು ಕೊಡ್ತಾರಾ?" ಅಂದರು. "ಎಷ್ಟಾಯ್ತು?"

"ಎಂಟು ಸಾವಿರ" ಅಂದೆ. ಯಾಕೆ ಸುಳ್ಳು ಹೇಳಿದೆನೋ.

ರಾತ್ರಿ ಕರೆಂಟು ಹೋಯಿತು. ಕತ್ತಲಲ್ಲಿ ಕೂತಿದ್ದಾಗ, "ನಮ್ ಎಂಜಿನ್ನಿಗೆ ಆವತ್ತು ರೇಟು ಸಿಕ್ಕಿದ್ದೇ ಆ ಎರಡು ಚಕ್ರದಿಂದ" ಅಂದರು ಅಪ್ಪ. "ಗುಜರಿಯವನು ಕೆಜಿ ಲೆಕ್ಕ ತಾನೇ ಹಾಕೋದು."

ನಾನು ಎರಡನೇ ವರ್ಷದ ಬಿಇಯಲ್ಲಿದ್ದಾಗಿನ ಮಾತು. ರಜೆಗೆ ಬಂದಾಗ ಮಿಲ್ಲಿನ ಮೂಲೆ ಖಾಲಿ ಇತ್ತು, ಕಾಂಕ್ರೀಟಿನಲ್ಲಿ ನಾಲ್ಕು ಬೋಲ್ಟು ಮಾತ್ರ ಎದ್ದು ನಿಂತಿದ್ದವು. ಕರೆಂಟ್ ಮೋಟ್ರು ಬಂದ ಮೇಲೆ ಇದ್ಯಾಕೆ ಅಂದಿದ್ದರು, ನಾನೂ ಹೌದಲ್ಲ ಅಂದುಕೊಂಡಿದ್ದೆ. ಆ ಸೆಮಿಸ್ಟರ್ ಫೀಸು ಯಾವುದರಿಂದ ಬಂತು ಅಂತ ಕೇಳಿರಲಿಲ್ಲ.

"ಕರೆಂಟ್ ಹೋದಾಗ ಏನ್ ಮಾಡ್ತಿದ್ರಿ ಅಪ್ಪ?"

"ಏನ್ ಮಾಡೋದು, ಕೂತಿರೋದು. ಜನ ಎಷ್ಟೊತ್ತು ಕಾದಾರು? ಮೂಟೆ ಸೈಕಲ್ ಮೇಲಿಟ್ಕೊಂಡು ಪಕ್ಕದೂರಿಗೆ ಹೋಗೋರು. ಆಮೇಲೆ ಅಲ್ಲಿಗೇ ರೂಢಿ ಆಯ್ತು."

ದೂರುವ ದನಿಯಲ್ಲ, ಮಳೆ ಬೆಳೆ ವಿಷಯ ಹೇಳಿದ ಹಾಗೆ ಹೇಳಿ ಮಲಗೋಕೆ ಎದ್ದು ಹೋದರು. ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೊರಡೋಕೆ ಬ್ಯಾಗು ಇಡಲು ಡಿಕ್ಕಿ ತೆಗೆದರೆ ಹಳೆಯ ಫ್ಲೈವ್ಹೀಲ್ ಇಲ್ಲ. ಮಿಲ್ಲಿಗೆ ಹೋದೆ. ಅಪ್ಪ ಅದನ್ನು ಒರೆಸಿ, ತುಕ್ಕು ಹಿಡಿಯದಂತೆ ಗ್ರೀಸು ಸವರಿ, ರಾಗಿ ತೂಗುವ ತಕ್ಕಡಿಯಲ್ಲಿ ಇಟ್ಟಿದ್ದರು.

"ಏಳು ಕೆಜಿ ಆರುನೂರು. ಇಲ್ಲೇ ಇರ್ಲಿ, ನೀನು ಕಾರು ಮಾರೋವಾಗ ಬೇಕಾಗುತ್ತೆ" ಅಂದರು. ಕೈ ಒರೆಸಿಕೊಳ್ಳುತ್ತಾ, "ನಿಜ ಹೇಳು, ಎಷ್ಟಾಯ್ತು?"

ಹೇಳಿದೆ.

"ಹೂಂ" ಅಂದರು. ಬಾಗಿಲಲ್ಲಿ ಯಾರೋ ಹೆಂಗಸು ರಾಗಿ ಚೀಲ ಇಳಿಸಿ ನಿಂತಿದ್ದಳು. ಕರೆಂಟ್ ಬಂದಿತ್ತು. ಅಪ್ಪ ಮೋಟ್ರಿನ ಸ್ವಿಚ್ ಹಾಕೋಕೆ ಹೋದರು.