ಅವ್ವನ ರೋಗವೂ ನನ್ನ ಓದೂ

ಹೆಸರು ತಿಳಿಯದ ರೋಗಕ್ಕೆ ಊರೆಲ್ಲ ವೈದ್ಯರೇ. ಎರಡು ವರ್ಷಗಳ ಹಿಂದೆ ನಮ್ಮವ್ವನ ಕಣ್ಣಿನ ರೆಪ್ಪೆ ಸಂಜೆಯಾದಂತೆ ಇಳಿಬೀಳತೊಡಗಿದಾಗ ಈ ಮಾತಿನ ಅರ್ಥ ನನಗಾಯಿತು. ಬೆಟಗೇರಿಯಲ್ಲಿ ಮಗ್ಗಕ್ಕೆ ಕಂಡಿಕೆ ಸುತ್ತುವ ಅವಳಿಗೆ ಒಂದೆಳೆ ಎರಡಾಗಿ ಕಾಣುತ್ತಿತ್ತು. ಮುಂಜಾನೆ ಎಲ್ಲವೂ ಸರಿ. ದೀಪ ಹಚ್ಚುವ ಹೊತ್ತಿಗೆ ರೊಟ್ಟಿ ಅಗಿಯಲೂ ತ್ರಾಣವಿಲ್ಲ. ಓಣಿಯವರು ಲಕ್ವವೆಂದರು. ಲಕ್ಷ್ಮೇಶ್ವರದ ಸೋದರಮಾವ ಚಾಳೀಸು ಬದಲಿಸಿದರೆ ಸಾಕೆಂದ. ಶಿರಹಟ್ಟಿಯ ಅತ್ತೆ ಹರಕೆ ಹೊತ್ತಳು.

ಕೊನೆಗೆ ಹುಬ್ಬಳ್ಳಿಯ ನರರೋಗ ತಜ್ಞರೊಬ್ಬರು ಅದರ ಹೆಸರು ಹೇಳಿದರು: ಮಯಸ್ತೇನಿಯಾ ಗ್ರೇವಿಸ್. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ಇಲ್ಲಿ ಶತ್ರುಗಳಾಗುತ್ತವೆ. ನರವು ಸ್ನಾಯುವನ್ನು ಕೂಡುವಲ್ಲಿ ಸಂದೇಶವನ್ನು ಹಿಡಿಯುವ ಗ್ರಾಹಕಗಳನ್ನು ಅವು ಕೆಡಿಸುತ್ತವೆ. ದುಡಿದಂತೆಲ್ಲ ಸ್ನಾಯು ಸೋಲುತ್ತದೆ, ವಿಶ್ರಮಿಸಿದರೆ ಚೇತರಿಸುತ್ತದೆ. 1934ರಲ್ಲಿ ಇಂಗ್ಲೆಂಡಿನಲ್ಲಿ ವೈದ್ಯೆ ಮೇರಿ ವಾಕರ್, ಕ್ಯುರಾರೆ ವಿಷಕ್ಕೆ ಕೊಡುವ ಮದ್ದನ್ನು ಇಂಥ ರೋಗಿಗೆ ಚುಚ್ಚಿ, ಇಳಿದ ರೆಪ್ಪೆ ಕೆಲಹೊತ್ತು ಮೇಲೇಳುವುದನ್ನು ಕಂಡರು. ಅವ್ವ ಇಂದು ನುಂಗುವ ಪಿರಿಡೋಸ್ಟಿಗ್ಮಿನ್ ಗುಳಿಗೆ ಆ ಮದ್ದಿನ ಬಳಗದ್ದೇ.

ಇಷ್ಟನ್ನು ತಿಳಿಯಲು ನನಗೆ ತಿಂಗಳುಗಳೇ ಹಿಡಿದವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನಂಬತಕ್ಕ ಬರಹಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಮೊಬೈಲಿನಲ್ಲಿ ಕನ್ನಡದಲ್ಲಿ ನನಗೆ ಸಿಕ್ಕದ್ದರಲ್ಲಿ ಬಹುಪಾಲು ವಾರದಲ್ಲೇ ಗುಣಪಡಿಸುವ ಜಾಹೀರಾತು. ಆದಕಾರಣ ಮೂರು ಪ್ರಶ್ನೆಗಳ ಜರಡಿ ಹಿಡಿದೆ: ಬರೆದವರು ಯಾರು? ಯಾವ ವರ್ಷ ಬರೆದರು? ಅವರಿಗೆ ಏನನ್ನಾದರೂ ಮಾರುವುದಿದೆಯೇ? ಜರಡಿಯಲ್ಲಿ ಉಳಿದದ್ದನ್ನು ಕನ್ನಡದಲ್ಲಿ ಬರೆದು ವೈದ್ಯರಿಗೆ ತೋರಿಸಿದೆ. ಜೆಂಟಾಮೈಸಿನ್‌ನಂಥ ಕೆಲವು ಔಷಧಗಳೂ ಮೆಗ್ನೀಸಿಯಂ ಚುಚ್ಚುಮದ್ದೂ ಈ ರೋಗಿಗಳ ಉಸಿರಿಗೇ ಕುತ್ತು ತರಬಲ್ಲವು. ಅವರು ತಿದ್ದಿಕೊಟ್ಟ ಆ ಪಟ್ಟಿ ಈಗ ಅವ್ವನ ಎಲೆ ಅಡಿಕೆ ಸಂಚಿಯಲ್ಲಿ ಸದಾ ಇರುತ್ತದೆ. ಜ್ವರಕ್ಕೆಂದು ಯಾವ ದವಾಖಾನೆಗೆ ಹೋದರೂ ಮೊದಲು ಅದನ್ನೇ ತೆಗೆದು ತೋರಿಸುತ್ತಾಳೆ.

ಆದರೆ ಯಾವ ಪುಸ್ತಕವೂ ಉತ್ತರಿಸದ ಪ್ರಶ್ನೆಯೊಂದು ಅವಳಲ್ಲಿತ್ತು: "ತಮ್ಮಾ, ಇದು ನನಗೊಬ್ಬಾಕಿಗೇ ಬಂದೈತೇನೋ?"

ಅದಕ್ಕೆ ಉತ್ತರ ದೊರೆತದ್ದು ಆಸ್ಪತ್ರೆಯ ಪಡಸಾಲೆಯಲ್ಲಿ. ಮುಂಡರಗಿ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಪಕ್ಕದಲ್ಲಿ ಕುಳಿತಿದ್ದರು. ಅವರಿಗೂ ಇದೇ ರೋಗ, ಒಂಬತ್ತು ವರ್ಷದಿಂದ. "ಗುಳಿಗಿ ತಗೊಂಡು ಅರ್ಧ ತಾಸಾದ ಮ್ಯಾಲ ಉಣ್ರಿ ಅಕ್ಕಾರ, ಅಗಿಯಾಕ ಬಲ ಬರ್ತೈತಿ" ಎಂದರು. ವೈದ್ಯರೂ ಹೌದೆಂದರು. ಅಂದಿನಿಂದ ಪ್ರತಿ ಭಾನುವಾರ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಗುಳಿಗೆಯ ಪ್ರಮಾಣವನ್ನು ಅವರವರ ವೈದ್ಯರಿಗೇ ಬಿಟ್ಟಿದ್ದಾರೆ. ಉಳಿದ ಸುಖದುಃಖಗಳೆಲ್ಲ ಅಲ್ಲಿ ವಿನಿಮಯವಾಗುತ್ತವೆ. ಅಮೆರಿಕೆಯಲ್ಲಿ 1952ರಲ್ಲಿ ಈ ರೋಗಿಗಳಿಗಾಗಿ ಸಂಸ್ಥೆ ಕಟ್ಟಿದ ಜೇನ್ ಎಲ್ಸ್‌ವರ್ತ್ ಕೂಡ ವೈದ್ಯೆಯಲ್ಲ, ಇದೇ ರೋಗಕ್ಕೆ ತುತ್ತಾದ ಹುಡುಗಿಯೊಬ್ಬಳ ತಾಯಿ.

ಸಹಪಾಠಿಗಳೇ, ಪದವಿಯಿಂದ ಏನು ಪ್ರಯೋಜನವೆಂದು ನಾವು ಆಗಾಗ ಚರ್ಚಿಸುತ್ತೇವೆ. ನೌಕರಿ ಸಿಗುವುದೋ ಇಲ್ಲವೋ ನಾನರಿಯೆ. ಆದರೆ ನಮ್ಮ ಓಣಿಗಳಲ್ಲಿ ಔಷಧದ ಚೀಟಿ ಹಿಡಿದು ಯಾರನ್ನು ಕೇಳಲೆಂದು ನಿಂತವರು ಅನೇಕರಿದ್ದಾರೆ. ಅದನ್ನು ಓದಿ ಅವರ ಮಾತಿನಲ್ಲಿ ತಿಳಿಹೇಳುವುದಕ್ಕೆ ನೇಮಕದ ಆದೇಶ ಬೇಕಿಲ್ಲ.