ಅತ್ತಿಯವರ ಖಾಫ್

ನಮ್ಮ ಅತ್ತಿಯವರಿಗೆ ಈಗ 79. ಬೆಳಗಿನ ನಮಾಜು ಮುಗಿಸಿ ಜೋರು ದನಿಲೇ ಕುರಾನ್ ಓದೋದು ಅವರ ರೂಢಿ. ಗಂಗಾವತಿಯ ನಮ್ಮ ಓಣ್ಯಾಗ ಆ ದನಿ ಕೇಳಿನೇ ಬಾಜೂಮನಿ ಅಕ್ಕಾರು ಅಂಗಳಕ್ಕ ನೀರು ಹೊಡಿಯಾಕ ಏಳ್ತಿದ್ರು. ಹ್ವಾದ ಬ್ಯಾಸಿಗ್ಯಾಗ ಆ ದನಿ ನಿಂತುಬಿಡ್ತು.

ಆಗಿದ್ದಿಷ್ಟು. ನನ್ನ ಮಗನ ಮಗಳು, ಒಂಬತ್ತು ವರ್ಷದಾಕಿ, ತಜವೀದ್ ಕಲಿಯಾಕ ಹೊಂಟಾಳ. ಒಂದೊಂದು ಅಕ್ಷರ ಬಾಯಾಗ ಎಲ್ಲಿಂದ ಹುಟ್ಟಬೇಕು, ಎಷ್ಟು ಎಳೀಬೇಕು ಅನ್ನೋ ಪಾಠ ಅದು. ಒಂದಿನ ಅತ್ತಿ 'ಮುಸ್ತಖೀಮ್' ಅಂದಾಗ, "ಬಡೀಅಮ್ಮಾ, ಅದು ಖ ಅಲ್ಲ, ತಪ್ಪು!" ಅಂದುಬಿಟ್ಲು.

ಹುಡುಗಿ ಹೇಳಿದ್ದು ಸುಳ್ಳಲ್ಲ ನೋಡ್ರಿ. ನಮ್ಮ ದಖನಿ ಮಾತಿನ್ಯಾಗ ಆ ಅಕ್ಷರದ ಹೆಸರೇ 'ಖಾಫ್' ಆಗೇತಿ. ಅದಕ್ಕೇ ನಮ್ಮಲ್ಲಿ 'ಖಬರ್' ಅಂದ್ರ ಸುದ್ದಿನೂ ಹೌದು, ಗೋರಿನೂ ಹೌದು! ಶಾಲ್ಯಾಗ ಕ ಖ ಗ ಘ ಕಂಠದ ಅಕ್ಷರ ಅಂತ ಕಲಿಸಿದ್ರಲ್ಲ, ಇದು ಅದಕ್ಕೂ ಹಿಂದಿಂದು. ನಾಲಿಗಿ ಬುಡ ಕಿರುನಾಲಿಗಿ ಹತ್ರ ತಾಗಿ ಪಟ್ಟನೆ ಬಿಡಬೇಕು. ಗಂಟಲಾ ಕೆರದಂಗ ಉಸುರು ಹೊಂಟ್ರ ಖ ಆತು. ಕನ್ನಡದಾಗ ಬರಿಯಾಕ ಅಕ್ಷರ ಇಲ್ಲ, ನಾನು 'ಹಿಂದಿನ ಕ' ಅಂತೀನಿ. ಹಿಂದಿನ ಕ ಹಚ್ಚಿ 'ಕಲ್ಬ್' ಅಂದ್ರ ಹೃದಯ, ನಮ್ಮ ಸಾದಾ ಕ ಹಚ್ಚಿದ್ರ ನಾಯಿ. ಹ ಸುದ್ದಾ ಎರಡು ಅದಾವ. ಒಂದು ನಮ್ಮದೇ, ಇನ್ನೊಂದು ಮಿರ್ಚಿ ತಿಂದು ಖಾರ ಹತ್ತಿದಾಗ ಗಂಟಲಾ ನಡುವಿಂದ ಬರ್ತೈತಲ್ಲ, ಹಂಗ.

ಅತ್ತಿ ಏನೂ ಅನ್ನಲಿಲ್ಲ. ಮರುದಿನದಿಂದ ಬರೇ ತುಟಿ ಅಲ್ಲಾಡ್ತಿದ್ವು. ವಾರ ಬಿಟ್ಟು ರೊಟ್ಟಿ ಬಡಿಯೋ ನನ್ನ ಹತ್ರ ಬಂದು, "ಎಪ್ಪತ್ತು ವರ್ಷ ತಪ್ಪೇ ಓದೀನೇನವಾ?" ಅಂದ್ರು. ನನ್ನ ಕೈಯಾಗಿನ ಹಿಟ್ಟು ಹಂಗ ಉಳೀತು. ಹುಡುಗಿಗೆ ಬೈದೆ, ಆಕಿನೂ ಅತ್ಲು. ಬೈಬಾರದಿತ್ತು.

ಓದಿಸೋ ಆಪಾರನ್ನ ಕೇಳಿದೆ. ತಡವರಿಸಿಕೊಂತ ಕಷ್ಟಪಟ್ಟು ಓದಾವ್ರಿಗೆ ಎರಡು ಪಟ್ಟು ಪುಣ್ಯ ಅಂತ ಹದೀಸಿನ್ಯಾಗ ಐತಿ ಅಂದ್ರು. ಖುಷಿಲೇ ಬಂದು ಅತ್ತಿಗೆ ಹೇಳಿದ್ರ, "ಅದಿರಲಿ, ಮೊದ್ಲ ಆ ಅಕ್ಷರ ಕಲಸ್ರಿ ನನಗ" ಅನ್ನಬೇಕೇ!

ಈಗ ಮೊಮ್ಮಗಳೇ ಉಸ್ತಾದಿ. ನಾಲಿಗಿ ತುದಿ ಮುಂದಿನ ಹಲ್ಲಿಗೆ ತಾಗಿಸೋ ಅಕ್ಷರ ಅತ್ತಿಗೆ ಬರೋದಿಲ್ಲ, ಹಲ್ಲೇ ಇಲ್ಲಲ್ಲ. ಖಾಫ್‌ಗೆ ಹಲ್ಲು ಬ್ಯಾಡ, ಅದೊಂದು ಪುಣ್ಯ. ಮೊನ್ನೆ ಬಾಜೂಮನಿ ಅಕ್ಕಾರು ಗ್ವಾಡಿ ಮ್ಯಾಲಿಂದ, "ಅಜ್ಜಿಗೆ ಕೆಮ್ಮು ಬಂದೈತೇನ್ರಿ? ಶುಂಠಿ ಕಷಾಯ ಕೊಡ್ಲೇನು?" ಅಂದ್ರು. ಅತ್ತಿ ನಕ್ಕಿದ್ದು ಅವತ್ತೇ.

ಇವತ್ತು ಮುಂಜಾನೆ ಹತ್ತರಾಗ ಮೂರು ಸಲ ಹಿಂದಿನ ಕ ಬಂತು. ಉಳಿದ ಏಳು ಖ, ಜೋರು ದನಿಲೇ.