ಸರ್ವರ್ ಡೌನ್!

ಶಾನುಭೋಗರ ಕಾಲದಲ್ಲಿ ಊರಿನ ನೆಲವೆಲ್ಲ ಒಂದು ಬಟ್ಟೆಯ ಗಂಟಿನಲ್ಲಿರುತ್ತಿತ್ತು. ಹೊಳೆನರಸೀಪುರದ ಹೇಮಾವತಿ ದಡದ ಗದ್ದೆ, ಅರಕಲಗೂಡಿನ ಹೊಗೆಸೊಪ್ಪಿನ ಹೊಲ, ಚನ್ನರಾಯಪಟ್ಟಣದ ತೆಂಗಿನ ತೋಟ, ಹಾಸನದ ಸುತ್ತಿನ ಆಲೂಗೆಡ್ಡೆಯ ಬಯಲು, ಎಲ್ಲವೂ ಸರ್ವೆ ನಂಬರುಗಳಾಗಿ, ಎಕರೆ ಗುಂಟೆಗಳಾಗಿ ಅದರೊಳಗೆ ಮಲಗಿದ್ದವು. ಗಂಟು ಬಿಚ್ಚಬೇಕಾದರೆ ಶಾನುಭೋಗರು ಮನೆಯಲ್ಲಿರಬೇಕು. ಇದ್ದರೆ ಊಟ ಮುಗಿದಿರಬೇಕು. ಮುಗಿದಿದ್ದರೆ ನಿದ್ದೆಯಿಂದ ಎದ್ದಿರಬೇಕು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗಂಡಿತು, ಗ್ರಾಮಲೆಕ್ಕಿಗರು ಬಂದರು. ಗಂಟು ಮಾತ್ರ ಉಳಿಯಿತು.

ಅದು ನಿಜವಾಗಿ ಬಿಚ್ಚಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ, ‘ಭೂಮಿ’ ಯೋಜನೆಯಿಂದ. ರಾಜೀವ ಚಾವ್ಲಾ ಎಂಬ ಅಧಿಕಾರಿಯ ಮುಂದಾಳುತನದಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದವು. ೧೫ ರೂಪಾಯಿ ತೆತ್ತರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಖಾತೆ ಬದಲಾವಣೆಯಲ್ಲಿಯೂ ಮೊದಲು ಬಂದವರ ಅರ್ಜಿ ಮೊದಲು ಎಂಬ ಸರತಿಯನ್ನು ಯಂತ್ರವೇ ಕಾಯತೊಡಗಿತು. ದೊಡ್ಡ ಹಿಡುವಳಿದಾರನ ಕಾಗದ ಬಡವನ ಕಾಗದವನ್ನು ಹಾರಿ ಮುಂದೆ ಹೋಗದಂತೆ ತಡೆದದ್ದು ಸಣ್ಣ ಸುಧಾರಣೆಯೇನಲ್ಲ.

ಇದರ ಜೊತೆಗೇ ಕನ್ನಡಕ್ಕೆ ಒಂದು ಹೊಸ ನುಡಿಗಟ್ಟೂ ಬಂದು ಸೇರಿತು: ‘ಸರ್ವರ್ ಡೌನ್.’ ಬ್ಯಾಂಕು, ನಾಡಕಚೇರಿ, ರೇಷನ್ ಅಂಗಡಿ, ಎಲ್ಲೆಡೆಯೂ ಇದೇ ಮಾತು. ‘ಯಜಮಾನರು ಪೂಜೆಗೆ ಕುಳಿತಿದ್ದಾರೆ’ ಎಂಬ ಹಿಂದಿನ ಮಾತಿನಂತೆ ಇದಕ್ಕೂ ಎದುರಾಡುವಂತಿಲ್ಲ. ಆದರೆ ಡೌನ್ ಆದುದನ್ನು ಮೇಲೆತ್ತುವವನು ಯಾರು, ಆತ ಮಾಡುವುದೇನು ಎಂಬುದನ್ನು ಕಿಂಡಿಯ ಈಚೆ ನಿಂತವರು ಕಂಡಿರುವುದಿಲ್ಲ.

ಆತ ಕುಳಿತಿರುವುದು ಒಂದು ಕಪ್ಪು ಪರದೆಯ ಮುಂದೆ. ಅದರಲ್ಲಿ ಚಿತ್ರವಿಲ್ಲ, ಗುಂಡಿಗಳಿಲ್ಲ. ಮಿಣುಕುವ ಒಂದು ಗೆರೆ ಮಾತ್ರ. ಒಂದು ಸಾಲಿನ ಆಜ್ಞೆ ಬರೆದರೆ ಒಂದು ಉತ್ತರ. ಹಾಸನಕ್ಕೆ ಈ ವಿದ್ಯೆ ಅಪರಿಚಿತವೇನಲ್ಲ. ೧೯೮೨ರಿಂದ ಅಲ್ಲಿಯ ಉಪಗ್ರಹ ನಿಯಂತ್ರಣ ಕೇಂದ್ರ ೩೬,೦೦೦ ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಗೂ ಆಜ್ಞೆಗಳನ್ನೇ ಕಳುಹಿಸಿ ಆರೋಗ್ಯ ವಿಚಾರಿಸುತ್ತ ಬಂದಿದೆ.

ದತ್ತಸಂಚಯಗಳಲ್ಲಿ ಹಲವು ಜಾತಿಗಳುಂಟು. ಮಾದರಿಗೆ ಪೋಸ್ಟ್‌ಗ್ರೆಸ್ ಎಂಬುದನ್ನು ತೆಗೆದುಕೊಳ್ಳಬಹುದು. ೧೯೮೬ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಕೈಹಾಕಿದ ಕೆಲಸದಿಂದ ಹುಟ್ಟಿದ್ದು, ಬಿಟ್ಟಿಯಾಗಿ ದೊರೆಯುತ್ತದೆ. ಅದರೊಡನೆ ಮಾತನಾಡುವ ಕಪ್ಪು ಪರದೆಯ ಸಾಧನಕ್ಕೆ ಪಿಎಸ್‌ಕ್ಯೂಎಲ್ ಎಂದು ಹೆಸರು. ‘ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ’ ಎಂಬ ಪಟ್ಟಿಯನ್ನು ಕೇಳಿದರೆ ಈಗ ಒಳಗೆ ಯಾರು ಯಾರಿದ್ದಾರೆ, ಏನು ಕೇಳುತ್ತಿದ್ದಾರೆ, ಎಷ್ಟು ಹೊತ್ತಿನಿಂದ, ಯಾತಕ್ಕಾಗಿ ಕಾಯುತ್ತಿದ್ದಾರೆ ಎಂಬುದೆಲ್ಲ ಸಾಲಾಗಿ ಇಳಿದು ಬರುತ್ತದೆ.

ಮೇ ತಿಂಗಳೆಂದಿಟ್ಟುಕೊಳ್ಳಿ. ಜಲಂಧರದ ಬಿತ್ತನೆ ಆಲೂಗೆಡ್ಡೆ ಹಾಸನದ ಮಾರುಕಟ್ಟೆಯಲ್ಲಿ ಬಂದಿಳಿದಿದೆ. ಕೊಳ್ಳಲು ಸಾಲ ಬೇಕು. ಸಾಲಕ್ಕೆ ಖಾತೆ ಬೇಕು. ಖಾತೆ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದೆ. ಇಂತಹವರು ನಾಲ್ಕೂ ತಾಲ್ಲೂಕುಗಳಲ್ಲಿ ಸಾಲುಗಟ್ಟಿದ್ದಾರೆ. ಬರಿಯ ಪಹಣಿಯ ಪ್ರತಿ ಕೇಳಿದವರಿಗೆ ಅದು ಸಿಕ್ಕುತ್ತಿದೆ. ಖಾತೆ ಬದಲಾಯಿಸಬೇಕಾದವರ ಕೆಲಸ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ.

ಕಪ್ಪು ಪರದೆಯವನು ಮೊದಲು ಡಿಸ್ಕು ತುಂಬಿದೆಯೇ ಎಂದು ನೋಡುತ್ತಾನೆ; ಇಲ್ಲ. ಯಂತ್ರ ದಣಿದಿದೆಯೇ? ಅದು ಆಕಳಿಸುತ್ತ ಕುಳಿತಿದೆ. ಆಗ ಪಟ್ಟಿಯನ್ನು ಕೇಳುತ್ತಾನೆ. ಮೂವತ್ತಾರು ಮಂದಿ ಬೀಗಕ್ಕಾಗಿ ಕಾಯುತ್ತಿದ್ದಾರೆ. ಒಬ್ಬ ಇನ್ನೊಬ್ಬನನ್ನು, ಅವನು ಮತ್ತೊಬ್ಬನನ್ನು. ಸರಪಳಿ ಹಿಡಿದು ಹೋದರೆ ತುದಿಯಲ್ಲಿ ಒಂದೇ ಸಂಖ್ಯೆ. ಅದರ ಎದುರಿಗೆ ಬರೆದಿರುವ ಷರಾ: ವ್ಯವಹಾರವನ್ನು ಆರಂಭಿಸಿ ಸುಮ್ಮನಿದ್ದಾನೆ, ನಲವತ್ತೊಂದು ನಿಮಿಷ.

ವಿಷಯವಿಷ್ಟೇ. ಪ್ರತಿಯೊಂದು ಬದಲಾವಣೆಗೂ ಕ್ರಮಸಂಖ್ಯೆ ಬೇಕು. ಸಂಖ್ಯೆ ಕೊಡುವ ಪುಸ್ತಕ ಒಂದೇ. ಒಬ್ಬ ಗುಮಾಸ್ತೆ ಸಂಖ್ಯೆ ತೆಗೆದುಕೊಂಡು, ಒಂದು ಮನೆಯ ಐವರು ವಾರಸುದಾರರಲ್ಲಿ ಮೂವರ ಹೆಸರು ತುಂಬಿಸಿ, ಕಾಫಿಗೆ ಎದ್ದುಹೋಗಿದ್ದಾಳೆ. ಪುಸ್ತಕ ಅವಳ ಕಂಕುಳಲ್ಲಿ. (ತಂತ್ರಾಂಶವನ್ನು ಹೀಗೆ ಬರೆಯಬಾರದೆಂದು ಪಾಠವಿದೆ, ಬರೆಯುವವರೆಲ್ಲ ಪಾಠ ಓದಿರುವುದಿಲ್ಲ.)

ಇಂತಹ ಸ್ಥಿತಿಗೆ ಆಜ್ಞೆಗಳು ಎರಡು. ಮೆದುವಾದುದು ನಡೆಯುತ್ತಿರುವ ಪ್ರಶ್ನೆಯನ್ನು ಮಾತ್ರ ನಿಲ್ಲಿಸುತ್ತದೆ. ಸುಮ್ಮನೆ ಕುಳಿತವರ ಮೇಲೆ ಅದಕ್ಕೆ ಅಧಿಕಾರವಿಲ್ಲ. ಕಠಿನವಾದುದು ಸಂಬಂಧವನ್ನೇ ಕತ್ತರಿಸುತ್ತದೆ. ಕತ್ತರಿಸಿದರೆ ಅವಳು ತುಂಬಿಸಿದ ಮೂರು ಹೆಸರುಗಳೂ ಅಳಿದು ನೆಲ ಮತ್ತೆ ತಂದೆಯ ಹೆಸರಿಗೆ ಮರಳುತ್ತದೆ. ಇದು ಕ್ರೂರವೆಂದು ತೋರಬಹುದು. ಹಳೆಯ ಕಡತದಲ್ಲಿ ಹೀಗೆ ನಡುವೆ ನಿಂತಿದ್ದರೆ ಆ ಮೂರು ಹೆಸರುಗಳು ಹಾಗೆಯೇ ಉಳಿದು, ಬಿಟ್ಟುಹೋದ ಎರಡು ಹೆಸರುಗಳಿಗಾಗಿ ಎರಡು ತಲೆಮಾರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿತ್ತು. ಬಿಟ್ಟುಹೋಗುತ್ತಿದ್ದವು ಸಾಮಾನ್ಯವಾಗಿ ಹೆಣ್ಣುಮಕ್ಕಳ ಹೆಸರುಗಳೇ ಎಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಅರೆಬರೆ ಪಾಲುಪಟ್ಟಿಯನ್ನು ಈ ಯಂತ್ರ ಒಪ್ಪುವುದಿಲ್ಲ. ಐವರೂ ಬರಬೇಕು, ಇಲ್ಲವೇ ಒಬ್ಬರೂ ಬರಕೂಡದು.

ಆದರೂ ಆತ ಕೂಡಲೇ ಕತ್ತರಿಸುವುದಿಲ್ಲ. ಇಷ್ಟು ಹೊತ್ತು ಸುಮ್ಮನಿದ್ದವರನ್ನು ತಾನಾಗಿಯೇ ಹೊರದೂಡುವ ಏರ್ಪಾಡು ೨೦೧೬ರಿಂದ ಪೋಸ್ಟ್‌ಗ್ರೆಸ್‌ನಲ್ಲಿಯೇ ಉಂಟು. ಎಷ್ಟು ಹೊತ್ತೆಂದು ಗೊತ್ತುಮಾಡುವುದೇ ಕಷ್ಟ. ಐದು ನಿಮಿಷವೆಂದರೆ, ಒಂದೊಂದೇ ಅಕ್ಷರ ಹುಡುಕಿ ಒತ್ತುವ ಹಿರಿಯ ಗುಮಾಸ್ತರ ಗತಿಯೇನು? ಒಂದು ಗಂಟೆಯೆಂದರೆ, ಮಾರುಕಟ್ಟೆ ಮುಚ್ಚುವುದರೊಳಗೆ ಹಾಸನ ತಲುಪಬೇಕಾದವನ ಗತಿಯೇನು? ನಿಮಿಷಗಳ ಲೆಕ್ಕವನ್ನು ಬೆಂಗಳೂರಿನಲ್ಲಿ ಕುಳಿತು ಹಾಕುವವರು ಇಬ್ಬರನ್ನೂ ಕಂಡಿರುವುದಿಲ್ಲ. ಆದುದರಿಂದ ಆತ ಫೋನು ಮಾಡುತ್ತಾನೆ. ಅದು ಬರಿಗುರ್ಚಿಯ ಮುಂದೆ ಬಾರಿಸಿ ಬಾರಿಸಿ ನಿಲ್ಲುತ್ತದೆ. ಇನ್ನೊಮ್ಮೆ ಮಾಡುತ್ತಾನೆ. ಆಮೇಲೆ ಆಜ್ಞೆ ಬರೆದು, ಸಂಖ್ಯೆಯನ್ನು ಎರಡು ಬಾರಿ ಓದಿ, ಗುಂಡಿ ಒತ್ತುತ್ತಾನೆ.

‘ನಿಜ’ ಎಂಬರ್ಥದ ಒಂದೇ ಅಕ್ಷರ ಉತ್ತರವಾಗಿ ಬರುತ್ತದೆ. ಮತ್ತೆ ಪಟ್ಟಿ ಕೇಳಿದರೆ ಮೂವತ್ತಾರು ಸಾಲುಗಳೂ ಕರಗಿಹೋಗಿವೆ. ಕಿಂಡಿಯಲ್ಲಿ ಅಚ್ಚಿನ ಯಂತ್ರ ಕಿರುಗುಟ್ಟುತ್ತದೆ. ಸಾಲು ಒಂದು ಹೆಜ್ಜೆ ಸರಿಯುತ್ತದೆ.

ಗುಮಾಸ್ತೆ ಹಿಂದಿರುಗಿ ಕುರ್ಚಿ ಎಳೆದುಕೊಳ್ಳುತ್ತಾಳೆ. ತೆರೆ ಗುಪ್ತಪದ ಕೇಳುತ್ತಿದೆ, ತುಂಬಿಸಿದ ಹೆಸರುಗಳಿಲ್ಲ. ಎದುರಿಗೆ ನಿಂತವರ ಕಡೆ ತಿರುಗಿ ನಿಟ್ಟುಸಿರಿಟ್ಟು ಹೇಳುತ್ತಾಳೆ:

“ನೋಡಿ, ಮತ್ತೆ ಸರ್ವರ್ ಡೌನ್!”